ವೀಸಾ ಬರುವವರೆಗೆ: ಟೆಕ್ಸಾಸ್ ಗಡಿಯಲ್ಲಿ ಮಿಷನರಿಯ ಮೊದಲ ವಾರಗಳು

ಅರ್ಜೆಂಟೀನಾದ ವೀಸಾ ಮಂಜೂರಾಗಿದೆ ಎಂಬ ಸುದ್ದಿ ಈ ವಾರ ಬಂದಿದೆ. ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆ, ಅಂದರೆ ಜನರ ಬಾಯಲ್ಲಿ ಮಾರ್ಮನ್ ಸಭೆ, ನನ್ನನ್ನು ಎರಡು ವರ್ಷಗಳ ಮಿಷನರಿ ಸೇವೆಗೆ ಕರೆದದ್ದು ಬ್ಯೂನಸ್ ಐರಿಸ್‌ಗೆ. ಆದರೆ ಸ್ಪ್ಯಾನಿಷ್ ಮಾತನಾಡುವ ಜನರ ನಡುವೆ ನನ್ನ ಮೊದಲ ವಾರಗಳು ಕಳೆದದ್ದು ಅಲ್ಲಿಂದ ಸಾವಿರಾರು ಮೈಲಿ ದೂರದಲ್ಲಿ, ಟೆಕ್ಸಾಸ್‌ನ ದಕ್ಷಿಣ ತುದಿಯ ರಿಯೊ ಗ್ರಾಂಡೆ ಕಣಿವೆಯಲ್ಲಿ, ಮೆಕ್ಯಾಲನ್ ನಗರದ ಸುತ್ತಮುತ್ತ. ವೀಸಾ ತಡವಾದವರನ್ನು ಸಭೆ ಹೀಗೆ ತಾತ್ಕಾಲಿಕವಾಗಿ ಬೇರೊಂದು ಮಿಷನ್‌ಗೆ, ಅಂದರೆ ಬೇರೊಂದು ಸೇವಾ ಪ್ರಾಂತಕ್ಕೆ, ಕಳಿಸುತ್ತದೆ. ಈ ಕಾಯುವಿಕೆ ಹೇಗಿರುತ್ತದೆಂದು ಹೊರಡುವ ಮುನ್ನ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಬೆಂಗಳೂರಿನಲ್ಲಿ ಸೇವೆಗೆ ಸಿದ್ಧರಾಗುತ್ತಿರುವ ಕೆಲವು ತರುಣ ತರುಣಿಯರು ಕೇಳಿರುವ ಪ್ರಶ್ನೆಗಳಿಗೂ, ಸಭೆಗೆ ಸೇರದ ನಮ್ಮ ಬಂಧುಗಳು ಅಮ್ಮನ ಬಳಿ ವಿಚಾರಿಸುತ್ತಿರುವ ಸಂಗತಿಗಳಿಗೂ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ವಾರಕ್ಕೊಮ್ಮೆ ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಬರೆಯಲು ನಮಗೊಂದು ಬಿಡುವಿನ ದಿನ ಸಿಗುತ್ತದೆ. ಇಂದು ಆ ದಿನ.

ನನ್ನ ತಂದೆ ತಾಯಿ ಮದುವೆಗೆ ಮೊದಲೇ ಬೆಂಗಳೂರಿನಲ್ಲಿ ಸಭೆಗೆ ಸೇರಿದವರು. 1993ರಿಂದ ಅಲ್ಲಿ ಸಭೆಯ ಮಿಷನ್ ಇದೆ. ನಾನು ಹುಟ್ಟಿದ್ದೂ ಬೆಂಗಳೂರಿನಲ್ಲೇ. ಚಿಕ್ಕಂದಿನಲ್ಲೇ ಯೂಟಾ ರಾಜ್ಯಕ್ಕೆ ಬಂದು, ಇಲ್ಲಿಯೇ ಓದಿ, ಅಮೆರಿಕದ ಪೌರನಾದೆ. ಹುಡುಗರು 18 ವರ್ಷ ತುಂಬಿದ ಕೂಡಲೇ ಹೊರಡಬಹುದೆಂದು 2012ರಲ್ಲಿ ನಿಯಮ ಬದಲಾಗಿದ್ದರೂ, ನಾನು ಕಾಲೇಜಿನಲ್ಲಿ ಸ್ವಲ್ಪ ಕಾಲ ಓದಿದ ಮೇಲೆ ಅರ್ಜಿ ಹಾಕಿದೆ.

ಅರ್ಜಿಯ ಹಂತ ಕಠಿಣವಲ್ಲ, ಆದರೆ ನಿಧಾನ. ಮೊದಲು ಬಿಷಪ್‌ರ, ಅಂದರೆ ನಮ್ಮ ಸ್ಥಳೀಯ ಸಭೆಯ ಮುಖ್ಯಸ್ಥರ, ಜೊತೆ ಸಂದರ್ಶನ, ಆಮೇಲೆ ಅಂಥ ಹಲವು ಸಭೆಗಳನ್ನು ನೋಡಿಕೊಳ್ಳುವ ಸ್ಟೇಕ್ ಅಧ್ಯಕ್ಷರ ಜೊತೆ ಸಂದರ್ಶನ. ಇವೆರಡರ ನಡುವೆ ವೈದ್ಯರ ತಪಾಸಣೆ, ರಕ್ತಪರೀಕ್ಷೆ, ಲಸಿಕೆಗಳು, ದಂತವೈದ್ಯರ ವರದಿ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಈ ಕೊನೆಯದರಲ್ಲಿ. ಬುದ್ಧಿಹಲ್ಲು ಮುಂದೆ ತೊಂದರೆ ಕೊಡಬಹುದೆಂದು ದಂತವೈದ್ಯರಿಗೆ ಅನ್ನಿಸಿದರೆ ಹೊರಡುವ ಮೊದಲೇ ಕೀಳಿಸಿಕೊಳ್ಳಬೇಕಾಗುತ್ತದೆ. ನನ್ನವನ್ನೂ ಕಿತ್ತರು. ಅದು ಮಾಯುವವರೆಗೆ ಅರ್ಜಿ ಮುಂದೆ ಸಾಗಲಿಲ್ಲ. ಆದ್ದರಿಂದ ಸೇವೆಗೆ ಹೋಗುವ ಮನಸ್ಸಿರುವವರು ಬಿಷಪ್‌ರನ್ನು ಕಾಣುವ ಮೊದಲೇ ಹಲ್ಲು ತೋರಿಸಿಕೊಳ್ಳುವುದು ಒಳ್ಳೆಯದು.

ಯಾವ ದೇಶ, ಯಾವ ಭಾಷೆ ಎಂಬುದು ನಮ್ಮ ಆಯ್ಕೆಯಲ್ಲ. ಸಭೆಯ ಅಪೊಸ್ತಲರು, ಅಂದರೆ ಈಗಿನ ಅತ್ಯುನ್ನತ ನಾಯಕರು, ಪ್ರಾರ್ಥಿಸಿ ನಿರ್ಧರಿಸುತ್ತಾರೆ ಎಂಬುದು ನಮ್ಮ ನಂಬಿಕೆ. ಹಿಂದೆ ಕರೆಯ ಪತ್ರ ಅಂಚೆಯಲ್ಲಿ ದೊಡ್ಡ ಲಕೋಟೆಯಾಗಿ ಬರುತ್ತಿತ್ತಂತೆ. ಈಗ ಆನ್‌ಲೈನ್‌ನಲ್ಲಿ ತೆರೆದು ಓದುತ್ತೇವೆ. ನಾನು ಓದುವಾಗ ಮೈಸೂರಿನಿಂದ ಅಜ್ಜಿಯೂ ವಿಡಿಯೊದಲ್ಲಿ ಇದ್ದರು. ಅವರು ಸಭೆಗೆ ಸೇರಿದವರಲ್ಲ. ಚಾಮುಂಡಿಗೆ ಹರಕೆ ಹೊತ್ತು ನನ್ನನ್ನು ಎತ್ತಿ ಆಡಿಸಿದವರು. ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಅವರು ಕೇಳಿದ್ದು ಎರಡೇ ಮಾತು: "ಊಟಕ್ಕೇನು ಮಾಡ್ತೀಯಪ್ಪಾ? ಸಂಬಳ ಎಷ್ಟು ಕೊಡ್ತಾರೆ?" ಎರಡನೆಯ ಪ್ರಶ್ನೆ ಬಂಧುಗಳೆಲ್ಲರದೂ ಆದ್ದರಿಂದ ಇಲ್ಲಿಯೇ ಹೇಳುತ್ತೇನೆ. ಸಂಬಳವಿಲ್ಲ. ಅಮೆರಿಕದಿಂದ ಹೊರಡುವ ತರುಣರು ಅಥವಾ ಅವರ ಮನೆಯವರು ಪ್ರತಿ ತಿಂಗಳು ಗೊತ್ತಾದ ಮೊತ್ತವೊಂದನ್ನು ಸಭೆಗೆ ಕಟ್ಟುತ್ತಾರೆ. ಟೋಕಿಯೊಗೆ ಕಳಿಸಿದರೂ ಲೀಮಾಕ್ಕೆ ಕಳಿಸಿದರೂ ಅದು ಒಂದೇ. ಮನೆಬಾಡಿಗೆಯನ್ನು ಮಿಷನ್ ನೋಡಿಕೊಳ್ಳುತ್ತದೆ, ಊಟದ ಖರ್ಚಿಗೆ ನಮ್ಮ ಕಾರ್ಡಿಗೆ ಸ್ವಲ್ಪ ಹಣ ಬರುತ್ತದೆ. ನಾನು ಬೇಸಿಗೆ ರಜೆಗಳಲ್ಲಿ ದುಡಿದು ಕೂಡಿಟ್ಟದ್ದು ಒಂದು ಪಾಲು, ಉಳಿದದ್ದು ಅಪ್ಪ ಅಮ್ಮನದು. ಸೂಟು, ಬಿಳಿ ಅಂಗಿಗಳು, ಎರಡು ಜೊತೆ ಗಟ್ಟಿ ಬೂಟು, ಪೆಟ್ಟಿಗೆ ಎಂದು ಇದಲ್ಲದೆ ಕೈಯಿಂದ ಹಾಕಿದ ಖರ್ಚೂ ಸಾಕಷ್ಟಾಯಿತು. ಬೂಟಿನಲ್ಲಿ ಮಾತ್ರ ಉಳಿತಾಯ ಬೇಡ.

ಇನ್ನು ಕಾಗದಪತ್ರಗಳ ವಿಷಯ. ವಿದೇಶದಲ್ಲಿ ಹುಟ್ಟಿದ ಅಮೆರಿಕನ್ನರಿಗೆ, ವಿಶೇಷವಾಗಿ ನಮ್ಮ ಕಡೆಯವರಿಗೆ, ನಿಜವಾದ ತಡೆ ಇರುವುದು ಇಲ್ಲಿ. ಪಾಸ್‌ಪೋರ್ಟ್‌ಗೆ 130 ಡಾಲರ್ ಮತ್ತು ಅರ್ಜಿ ಸ್ವೀಕಾರಕ್ಕೆ 35 ಡಾಲರ್ ಕಟ್ಟಿದೆವು. ನನ್ನ ಮೇಲೆ ಅಪರಾಧ ದಾಖಲೆ ಇಲ್ಲವೆಂದು ಎಫ್‌ಬಿಐ ಕೊಡುವ ವರದಿಗೆ ಬೆರಳಚ್ಚು ಕೊಟ್ಟು 18 ಡಾಲರ್ ಕಟ್ಟಬೇಕು. ಆ ವರದಿಯನ್ನು ಬೇರೆ ದೇಶ ಒಪ್ಪಬೇಕಾದರೆ ಅದರ ಮೇಲೆ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ ಬೀಳಬೇಕು. ಎಫ್‌ಬಿಐ ವರದಿ ಕೇಂದ್ರ ಸರ್ಕಾರದ್ದಾದ್ದರಿಂದ ಅದಕ್ಕೆ ಮುದ್ರೆ ಒತ್ತುವವರು ವಾಷಿಂಗ್ಟನ್‌ನ ವಿದೇಶಾಂಗ ಇಲಾಖೆಯವರು ಮಾತ್ರ. ಶುಲ್ಕ 20 ಡಾಲರ್, ಕಾಯುವುದು ವಾರಗಟ್ಟಲೆ. ರಾಜ್ಯದ ರಾಜಧಾನಿಯಲ್ಲೇ ಆಗಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ, ಅದು ಆ ರಾಜ್ಯವೇ ಕೊಟ್ಟ ದಾಖಲೆಗಳಿಗೆ ಮಾತ್ರ ಅನ್ವಯಿಸುವ ಮಾತೆಂದು ತಿಳಿಯಿರಿ.

ನನ್ನ ಜನನ ಪ್ರಮಾಣಪತ್ರದ ಕಥೆ ಇದಕ್ಕಿಂತ ಉದ್ದವಾಯಿತು. ಯಾವ ದೇಶ ದಾಖಲೆ ಕೊಟ್ಟಿತೋ ಅದೇ ದೇಶ ಅಪೊಸ್ಟಿಲ್ ಹಾಕಬೇಕು. ಭಾರತದಲ್ಲಿ ಈ ವ್ಯವಸ್ಥೆ 2005ರಿಂದ ಜಾರಿಯಲ್ಲಿದೆ: ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಬಳಿಕ ದೆಹಲಿಯ ವಿದೇಶಾಂಗ ಸಚಿವಾಲಯದ ಮುದ್ರೆ, ಅದಕ್ಕೂ ಕಾಗದ ನೇರವಾಗಿ ಕೊಡುವಂತಿಲ್ಲ, ಗೊತ್ತುಪಡಿಸಿದ ಏಜೆನ್ಸಿಗಳ ಮೂಲಕ ಹೋಗಬೇಕು. ನನ್ನ ಪ್ರಮಾಣಪತ್ರದಲ್ಲಿ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇತ್ತು. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು, ಅಪ್ಪನ ಹೆಸರೇ ನನ್ನ ಮನೆತನದ ಹೆಸರಾಗಿ ಕೂತಿತ್ತು. ಎರಡೂ ಒಬ್ಬನದೇ ಎಂದು ಅಫಿಡವಿಟ್ ಮಾಡಿಸಿ, ಹೊಸ ಪ್ರತಿ ತೆಗೆಸಿ, ಮತ್ತೆ ಸರದಿಯಲ್ಲಿ ನಿಂತು ಇದನ್ನೆಲ್ಲ ಮಾಡಿಸಿದವರು ಬೆಂಗಳೂರಿನ ಚಿಕ್ಕಪ್ಪ. ನಾವು ಸಭೆಗೆ ಸೇರಿದ್ದು ಅವರಿಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೂ ಅರ್ಧ ದಿನದ ರಜೆ ಹಾಕಿ ಹಾಕಿ ಕಚೇರಿಗಳನ್ನು ಸುತ್ತಿದರು. "ನಿನ್ನ ಕೆಲಸ ನನಗೆ ಅರ್ಥವಾಗೋದಿಲ್ಲ, ಆದರೆ ಕಾಗದ ಸರಿಯಾಗಿರಬೇಕು ಮಗು," ಎಂದರು. ಅವರ ಋಣ ನನ್ನ ಮೇಲಿದೆ. ಸಭೆಯ ಪ್ರಯಾಣ ವಿಭಾಗದವರು ಉಳಿದ ಕಡತವನ್ನು ನೋಡಿಕೊಂಡರು. ಇನಿಷಿಯಲ್ ಇರುವ ಪ್ರತಿಯೊಬ್ಬ ಕನ್ನಡಿಗನೂ ಕರೆ ಬರುವುದಕ್ಕೆ ಕಾಯದೆ ಜನನ ಪ್ರಮಾಣಪತ್ರ ಮತ್ತು ಪಾಸ್‌ಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಇಷ್ಟಾದರೂ ವೀಸಾ ಬಂದಿರಲಿಲ್ಲ. ತರಬೇತಿಯ ದಿನಾಂಕ ಬಂತು. ಮೊದಲ ಪಾಠಗಳನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಮುಗಿಸಿ ಮೆಕ್ಸಿಕೊ ನಗರಕ್ಕೆ ಹೊರಟೆ. ಆ ಪಾಠಗಳು ಶುರುವಾಗುವ ಮೊದಲೇ ಸ್ಟೇಕ್ ಅಧ್ಯಕ್ಷರು ತಲೆಯ ಮೇಲೆ ಕೈಯಿಟ್ಟು ಸೇವೆಗೆ ಪ್ರತ್ಯೇಕಿಸಿದರು. ಆ ಕ್ಷಣದಿಂದ ಮಿಷನರಿಯ ನಿಯಮಗಳು ನಮಗೆ ಅನ್ವಯಿಸುತ್ತವೆ. ಮೆಕ್ಸಿಕೊದ ತರಬೇತಿ ಕೇಂದ್ರ ನಗರದ ಉತ್ತರ ಭಾಗದಲ್ಲಿದೆ. 1964ರಿಂದ ಸಭೆ ಅಲ್ಲಿ ನಡೆಸುತ್ತಿದ್ದ ಶಾಲೆಯ ಆವರಣವನ್ನೇ 2013ರಲ್ಲಿ ಕೇಂದ್ರವಾಗಿ ಮಾರ್ಪಡಿಸಿದ್ದಾರೆ. ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಊರಾದ್ದರಿಂದ ಮೊದಲ ದಿನಗಳಲ್ಲಿ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ನೀರು ಹೆಚ್ಚು ಕುಡಿಯಿರಿ, ಆಟಕ್ಕೆ ಅವಸರ ಮಾಡಬೇಡಿ. ರಾತ್ರಿ ಗೋಡೆಯಾಚೆಯ ಗುಡ್ಡದ ಬಡಾವಣೆಗಳಿಂದ ಪಟಾಕಿ, ಹಾಡು, ನಾಯಿಗಳ ಬೊಗಳು ಕೇಳುತ್ತಿರುತ್ತದೆ, ಅದಕ್ಕೂ ಅಭ್ಯಾಸವಾಗುತ್ತದೆ.

ಶಿಕ್ಷಕರು ತರಗತಿಗೆ ಕಾಲಿಟ್ಟ ಗಳಿಗೆಯಿಂದ ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆಯಾಡಲಿಲ್ಲ. ಮೊದಲ ವಾರದಲ್ಲೇ ಒಬ್ಬರ ಎದುರು ಕೂತು ಆ ಭಾಷೆಯಲ್ಲಿ ಪಾಠ ಹೇಳಬೇಕು, ಪ್ರಾರ್ಥಿಸಬೇಕು. ನನ್ನ ಜೊತೆಗಿದ್ದ ಅಮೆರಿಕನ್ ಹುಡುಗರು ಹೆದರಿದಷ್ಟು ನಾನು ಹೆದರಲಿಲ್ಲ; ಅದಕ್ಕೆ ಕಾರಣ ಕನ್ನಡ. ಸ್ಪ್ಯಾನಿಷ್‌ನ ತ, ದ, ರ ಅಕ್ಷರಗಳು ನಮ್ಮ ನಾಲಗೆಗೆ ಆಗಲೇ ಒಗ್ಗಿವೆ. ಹಿರಿಯರಿಗೆ ಬಹುವಚನ, ದೇವರಿಗೆ ಏಕವಚನ ಎಂಬ ನಮ್ಮ ಮನೆಯ ರೂಢಿಯೇ ಅಲ್ಲಿಯೂ ನಡೆಯುತ್ತದೆ: ಮನೆಯವರನ್ನು ಗೌರವದಿಂದ ಉಸ್ತೆದ್ ಎನ್ನುತ್ತೇವೆ, ಪ್ರಾರ್ಥನೆಯಲ್ಲಿ ತೂ ಎನ್ನುತ್ತೇವೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬಂತಹ ಲಿಂಗಭೇದವೊಂದು ಮಾತ್ರ ಕನ್ನಡದವರಿಗೆ ಬಹಳ ಕಾಲ ಕಾಡುತ್ತದೆ. ಪ್ರತಿಯೊಂದು ನಾಮಪದವನ್ನೂ ಅದರ ಮುಂದಿನ ಎಲ್ ಅಥವಾ ಲಾ ಸಹಿತವೇ ಬಾಯಿಪಾಠ ಮಾಡಿರಿ. ಪ್ರಾರ್ಥನೆಯ ಪದಗಳನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ. ಉಳಿದ ಯಾವ ಮಾತು ಬಾರದಿದ್ದರೂ ಒಂದು ಮನೆಯಲ್ಲಿ ಪ್ರಾರ್ಥಿಸಲು ಬಂದರೆ ಆ ಮನೆಯವರು ನಿಮ್ಮನ್ನು ಒಳಗಿನವರಂತೆ ಕಾಣುತ್ತಾರೆ.

ತರಬೇತಿ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ವಿಮಾನದ ವಿವರ ಬರತೊಡಗಿತು. ನನಗೂ ಇನ್ನಿಬ್ಬರಿಗೂ ಬಂದದ್ದು ತಾತ್ಕಾಲಿಕ ನೇಮಕದ ಪತ್ರ. ಆ ಸಂಜೆ ನನಗೆ ದುಃಖವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅರ್ಜೆಂಟೀನಾದ ನಕಾಶೆ ನೋಡಿ ನೋಡಿ ಊರುಗಳ ಹೆಸರೆಲ್ಲ ಬಾಯಿಗೆ ಬಂದಿದ್ದವು. 1925ರ ಕ್ರಿಸ್ಮಸ್ ದಿನ ಬ್ಯೂನಸ್ ಐರಿಸ್‌ನ ಉದ್ಯಾನವೊಂದರಲ್ಲಿ ಅಪೊಸ್ತಲ ಮೆಲ್ವಿನ್ ಬಲ್ಲಾರ್ಡ್ ದಕ್ಷಿಣ ಅಮೆರಿಕವನ್ನು ಸುವಾರ್ತೆಗಾಗಿ ಸಮರ್ಪಿಸಿ ಪ್ರಾರ್ಥಿಸಿದ ಜಾಗದಲ್ಲಿ ನಿಲ್ಲಬೇಕೆಂಬ ಆಸೆಯಿತ್ತು. ಅದರ ಬದಲು ಟೆಕ್ಸಾಸ್. ವೀಸಾ ನಾಳೆ ಬರಬಹುದು, ಆರು ತಿಂಗಳಿಗೂ ಬರಬಹುದು, ಅಲ್ಲಿಯವರೆಗೆ ಅಲ್ಲಿಯೇ ಸೇವೆ.

ಮೆಕ್ಯಾಲನ್ ಇರುವ ಹಿಡಾಲ್ಗೊ ಕೌಂಟಿಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಲ್ಯಾಟಿನೊ ಮೂಲದವರು. ನದಿಯಾಚೆ ಮೆಕ್ಸಿಕೊದ ರೆಯ್ನೋಸಾ. ನಮ್ಮ ಪಾಲಿಗೆ ಬಂದದ್ದು ಊರಾಚೆಯ ಕೊಲೊನಿಯಾಗಳು: ನಗರದ ಎಲ್ಲೆಯ ಹೊರಗೆ ಹೊಲಗಳನ್ನು ನಿವೇಶನಗಳಾಗಿ ಒಡೆದು ಕಂತಿನಲ್ಲಿ ಮಾರಿದ ಬಡಾವಣೆಗಳು. ಹಲವಕ್ಕೆ ವರ್ಷಗಟ್ಟಲೆ ಚರಂಡಿಯಾಗಲಿ ಡಾಂಬರು ರಸ್ತೆಯಾಗಲಿ ಇರಲಿಲ್ಲ. ಜನ ದುಡ್ಡು ಬಂದ ಹಾಗೆ ಒಂದೊಂದೇ ಕೋಣೆ ಕಟ್ಟಿಕೊಂಡು ಬಾಳುತ್ತಾರೆ. ಬೇಸಿಗೆಯಲ್ಲಿ ಬಿಸಿಲು 38 ಡಿಗ್ರಿ ಮುಟ್ಟುತ್ತದೆ, ಕೊಲ್ಲಿಯ ಕಡೆಯಿಂದ ಬರುವ ತೇವದ ಗಾಳಿಗೆ ಅಂಗಿ ಬೆಳಿಗ್ಗೆಯೇ ಮೈಗೆ ಅಂಟುತ್ತದೆ. ಒಂದು ಹೆಚ್ಚುವರಿ ಅಂಗಿ ಚೀಲದಲ್ಲಿರಲಿ.

ಹೊಸಬರಿಗೆ ಮೊದಲ 12 ವಾರ ಸದಾ ಜೊತೆಗಿರುವ ಅನುಭವಿ ಮಿಷನರಿಯೊಬ್ಬರು, ಅಂದರೆ ಸಂಗಾತಿ, ತರಬೇತಿ ಕೊಡುತ್ತಾರೆ. ನನ್ನ ಸಂಗಾತಿ ಐಡಾಹೊದ ರೈತ ಮನೆತನದ ಹುಡುಗ, ಹೊಂಬಣ್ಣದ ಕೂದಲು, ನಿರರ್ಗಳ ಸ್ಪ್ಯಾನಿಷ್. ಬಾಗಿಲು ತೆರೆದವರು ಅವನನ್ನು ನೋಡಿ ಹರಕು ಮುರುಕು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು; ನನ್ನ ಮೈಬಣ್ಣ ನೋಡಿ ನನ್ನನ್ನು ತಮ್ಮವನೇ ಎಂದುಕೊಂಡು ಬಿರುಸಾಗಿ ಸ್ಪ್ಯಾನಿಷ್ ಸುರಿಸುತ್ತಿದ್ದರು. ಮೊದಲ ವಾರ ಆ ಮಾತಿನ ಕಾಲು ಭಾಗವೂ ಹತ್ತಲಿಲ್ಲ. ಸಂಗಾತಿ ನನ್ನ ಪರವಾಗಿ ಉತ್ತರಿಸಲಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತ. ಆಗ ಅದು ಕಷ್ಟವೆನಿಸಿತು. ಈಗ ಅವನಿಗೆ ಕೃತಜ್ಞನಾಗಿದ್ದೇನೆ. ನಿಮ್ಮ ಸಂಗಾತಿ ಎಲ್ಲವನ್ನೂ ತಾನೇ ಮಾತನಾಡುವವನಾದರೆ, ಪ್ರತಿ ಮನೆಯಲ್ಲೂ ಮೊದಲ ಮಾತು ನಿಮಗೇ ಬಿಡಬೇಕೆಂದು ವಿನಯದಿಂದ ಕೇಳಿಕೊಳ್ಳಿರಿ.

ಗಡಿಯ ಊರಿನಲ್ಲಿ ಬಾಗಿಲು ತಟ್ಟುವುದಕ್ಕೂ ಒಂದು ಕ್ರಮವಿದೆ. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆಗೆ ಹೆಸರಿನ ಫಲಕ ಸಿಕ್ಕಿಸಿಕೊಂಡ ಇಬ್ಬರು ಗಂಡಸರು ಬಂದರೆ ಪರದೆ ಸರಿಸಿ ನೋಡುವವರಿಗೆ ಮೊದಲು ಹೊಳೆಯುವುದು ವಲಸೆ ಇಲಾಖೆ. ತಟ್ಟಿದ ಮೇಲೆ ಕೆಲವು ಹೆಜ್ಜೆ ಹಿಂದೆ ಸರಿದು, ಕಿಟಕಿಗೆ ಕಾಣುವಂತೆ ನಿಂತು, ಮೊದಲಿಗೇ ಸಭೆಯ ಹೆಸರು ಹೇಳಬೇಕು. ಎಲ್ಲಿಂದ ಬಂದಿರಿ, ಎಂದು ಬಂದಿರಿ ಎಂದು ನಾವಾಗಿ ಎಂದೂ ಕೇಳಬಾರದು. ಊರಿನ ಹೆಸರು ಕೇಳುವುದು ನಮ್ಮಲ್ಲಿ ಸ್ನೇಹದ ಮಾತು. ಅಲ್ಲಿ ಅದು ಭಯ ಹುಟ್ಟಿಸಬಹುದು.

ಒಂದು ಮನೆಯ ಬಗ್ಗೆ ಹೇಳಲೇಬೇಕು. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಅಲ್ಲಿನ ಹಿರಿಯ ಹೆಂಗಸು ನಾವು ಹೋದಾಗಲೆಲ್ಲ ಒಲೆಯ ಮುಂದೆ ಇರುತ್ತಿದ್ದರು. ಗೋಧಿ ಹಿಟ್ಟಿನ ಉಂಡೆಯನ್ನು ಲಟ್ಟಿಸಿ, ಕಪ್ಪು ಹೆಂಚಿನ ಮೇಲೆ ಹಾಕಿ, ಉಬ್ಬಿದ ಕಡೆ ಬೆರಳ ತುದಿಯಿಂದ ಒತ್ತಿ ತಿರುವಿ ಹಾಕುವುದನ್ನು ನೋಡಿದರೆ ನಮ್ಮಜ್ಜಿ ಚಪಾತಿ ಬೇಯಿಸಿದ ಹಾಗೆಯೇ ಇತ್ತು. ಮೊದಲ ಸಲ ನಾನು ನಮ್ಮ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್‌ಗೆ 1820ರಲ್ಲಿ ಆದ ದರ್ಶನದ ಮಾತುಗಳನ್ನು ಬಾಯಿಪಾಠದಿಂದ ಒಪ್ಪಿಸಿದೆ. ಅವರು ಒಲೆ ಆರಿಸಿ, ಕೈ ಒರೆಸಿಕೊಂಡು ಕೂತು ಕೇಳಿದರು. ಬಳಿಕ ಏನೋ ಕೇಳಿದರು. ನನಗೆ ಅರ್ಥವಾಗಿಲ್ಲವೆಂದು ಮುಖ ನೋಡಿಯೇ ತಿಳಿದು, ಮಗುವಿಗೆ ಹೇಳುವಂತೆ ನಿಧಾನವಾಗಿ ಮತ್ತೆ ಕೇಳಿದರು: ನೀನು ಹೇಳಿದ್ದನ್ನು ನೀನು ನಂಬುತ್ತೀಯಾ? ಸೀ, ಅಂದರೆ ಹೌದು, ಎಂದೆ. ಅದಕ್ಕೆ ಹೆಚ್ಚಿನ ವ್ಯಾಕರಣ ಬೇಕಾಗಲಿಲ್ಲ.

ನಾನು ಅರ್ಜೆಂಟೀನಾಕ್ಕೆ ಹೋಗಬೇಕಾದವನು, ವೀಸಾಕ್ಕೆ ಕಾಯುತ್ತಿರುವವನು ಎಂದು ಸಂಗಾತಿ ಅವರಿಗೆ ಹೇಳಿದ್ದ. ಅಂದಿನಿಂದ ಪ್ರತಿ ಸಲವೂ ಅವರು ಮೊದಲು ವಿಚಾರಿಸುತ್ತಿದ್ದದ್ದು ಅದನ್ನೇ: ನಿನ್ನ ಪಪೆಲೆಸ್ ಬಂದವೇ ಮಗನೇ? ಕಾಗದಗಳು ಬೇಗ ಬರಲಿ ಎಂದು ಊಟಕ್ಕೆ ಮೊದಲಿನ ಪ್ರಾರ್ಥನೆಯಲ್ಲೂ ಸೇರಿಸುತ್ತಿದ್ದರು. ಕೆಲವು ವಾರಗಳ ಮೇಲೆ ಅವರಾಗಿಯೇ ಹೇಳಿಕೊಂಡರು: ದಶಕಗಳಿಂದ ಇಲ್ಲಿರುವ ಅವರ ಬಳಿ ಯಾವ ಕಾಗದವೂ ಇಲ್ಲ. ಗಡಿಯಿಂದ ಸುಮಾರು 70 ಮೈಲಿ ಉತ್ತರಕ್ಕೆ, 281ನೇ ಹೆದ್ದಾರಿಯಲ್ಲಿ ಫಾಲ್ಫುರಿಯಸ್ ಬಳಿ ಗಡಿ ಪೊಲೀಸರ ತಪಾಸಣಾ ಠಾಣೆಯಿದೆ. ಅದನ್ನು ದಾಟಿ ಹೋಗಲಾರರು. ಹ್ಯೂಸ್ಟನ್‌ನಲ್ಲಿರುವ ಮಗಳ ಬಾಣಂತನಕ್ಕೂ ಹೋಗಲಾಗಲಿಲ್ಲ. ಮೊಮ್ಮಗುವನ್ನು ನೋಡಿದ್ದು ಫೋನಿನಲ್ಲಿ. ನದಿ ದಾಟಿ ತವರಿಗೆ ಹೋದರೆ ಮರಳಿ ಬರಲಾಗುವುದಿಲ್ಲ. ಹೀಗೆ ಎರಡೂ ಕಡೆ ಬಾಗಿಲು ಮುಚ್ಚಿಕೊಂಡ ಒಂದು ಪಟ್ಟಿಯಷ್ಟು ನೆಲದಲ್ಲಿ ಬದುಕುತ್ತಿರುವವರು ನನ್ನ ವೀಸಾಕ್ಕಾಗಿ ಪ್ರಾರ್ಥಿಸುತ್ತಿದ್ದರು. ಅಂದಿನ ನಂತರ ನನ್ನ ಕಾಯುವಿಕೆಯ ಬಗ್ಗೆ ನಾನು ಯಾರ ಬಳಿಯೂ ಗೊಣಗಲಿಲ್ಲ. ತಾತ್ಕಾಲಿಕವಾಗಿ ಬಂದ ಮಿಷನರಿಗಳಲ್ಲಿ ಕೆಲವರು ಈ ಕಣಿವೆಯನ್ನು ಭಾಷೆ ರೂಢಿಸಿಕೊಳ್ಳುವ ತಂಗುದಾಣವೆಂದು ಮಾತನಾಡುವುದನ್ನು ಕೇಳಿದ್ದೇನೆ. ಆ ಮಾತು ನನಗೆ ಸಹಿಸುವುದಿಲ್ಲ. ಇಲ್ಲಿನವರು ಯಾರ ಅಭ್ಯಾಸಕ್ಕೂ ಇರುವವರಲ್ಲ.

ನಮ್ಮ ವಾರ್ಡಿನ, ಅಂದರೆ ಸ್ಥಳೀಯ ಸಭೆಯ, ಹಿರಿಯರೊಬ್ಬರು ಹೇಳಿದ ಸಂಗತಿಯೂ ಇದಕ್ಕೆ ಸೇರುತ್ತದೆ. 2005ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ನಮ್ಮ ಸಭೆಯ ದೇವಾಲಯ, ಅಂದರೆ ಅತಿ ಪವಿತ್ರ ವಿಧಿಗಳು ನಡೆಯುವ ಮಂದಿರ, ಪ್ರತಿಷ್ಠಾಪನೆಯಾದಾಗ ಕಣಿವೆಯವರಿಗೆ ದಾರಿ ಹತ್ತಿರವಾಯಿತೆಂದು ಎಲ್ಲರೂ ಸಂತೋಷಪಟ್ಟರಂತೆ. ಆದರೆ ಆ ದಾರಿ ತಪಾಸಣಾ ಠಾಣೆಯಾಚೆ; ಕಾಗದವಿಲ್ಲದ ಸದಸ್ಯರಿಗೆ ಅದು ದೂರವೇ ಉಳಿಯಿತು. 2023ರ ಅಕ್ಟೋಬರ್‌ನಲ್ಲಿ ಮೆಕ್ಯಾಲನ್‌ನಲ್ಲೇ ದೇವಾಲಯ ತೆರೆದ ಮೇಲೆ, ಅಷ್ಟು ವರ್ಷ ಕಾದ ವೃದ್ಧ ದಂಪತಿಗಳು ಸಾವಿನಾಚೆಗೂ ಗಂಡ ಹೆಂಡತಿಯಾಗಿ ಒಂದಾಗಿಸುವ ವಿಧಿಗೆ ಬಂದರು ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. 2018ರಲ್ಲಿ ಬೆಂಗಳೂರಿಗೆ ದೇವಾಲಯ ಘೋಷಣೆಯಾದ ದಿನ ಅಪ್ಪ ಅತ್ತದ್ದು ನನಗೆ ಆಗ ಅರ್ಥವಾಗಿರಲಿಲ್ಲ.

ಅಜ್ಜಿಯ ಮೊದಲ ಪ್ರಶ್ನೆಗೂ ಉತ್ತರ ಬಾಕಿಯಿದೆ. ಹಲವು ಸಂಜೆ ಸದಸ್ಯರ ಮನೆಗಳಲ್ಲೇ ಊಟ. ಈ ಕಣಿವೆಯಲ್ಲಿ ಭಾನುವಾರದ ವಿಶೇಷವೆಂದರೆ ಬಾರ್ಬಕೋವಾ, ದನದ ತಲೆಯ ಮಾಂಸ. ನಮ್ಮ ಮನೆಯಲ್ಲಿ ಅದನ್ನು ತಿನ್ನುವ ರೂಢಿಯಿಲ್ಲ, ಸಭೆಯೂ ಈ ವಿಷಯದಲ್ಲಿ ಒತ್ತಾಯಿಸುವುದಿಲ್ಲ. ಊಟದ ಪಟ್ಟಿ ಮಾಡುವವರಿಗೆ ಮೊದಲೇ ತಿಳಿಸಿದ್ದರಿಂದ ನನಗಾಗಿ ಬೀನ್ಸ್ ಕಾಳು, ಅನ್ನ, ಕೋಳಿ, ಪಾಪಾಸುಕಳ್ಳಿಯ ಎಲೆಯ ಪಲ್ಯ ಮಾಡುತ್ತಿದ್ದರು. ಎಲೆಯ ಮುಂದೆ ಕೂತ ಮೇಲೆ ಬೇಡವೆನ್ನುವುದು ಅವರಿಗೂ ನಿಮಗೂ ಸಂಕಟ; ಆದ್ದರಿಂದ ನಾಚಿಕೆಪಡದೆ ಮೊದಲ ದಿನವೇ ಹೇಳಿಬಿಡಿ. ನಮ್ಮ ಸಭೆಯವರು ಕಾಫಿ ಕುಡಿಯುವುದಿಲ್ಲ; ಕಾಫಿ ಕೊಟ್ಟಲ್ಲಿ ನೀರು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮನೆಯ ನೆನಪು ಹೆಚ್ಚು ಕಾಡಿದ್ದು ಬಂದ ಎರಡನೆಯ ವಾರ, ಸುತ್ತಲಿನ ಹೊಸತನವೆಲ್ಲ ಹಳತಾಗಿ ಭಾಷೆ ಇನ್ನೂ ಹತ್ತದಿದ್ದಾಗ. 2019ರಿಂದ ವಾರಕ್ಕೊಮ್ಮೆ ಮನೆಯವರೊಂದಿಗೆ ವಿಡಿಯೊದಲ್ಲಿ ಮಾತನಾಡಲು ಅನುಮತಿಯಿದೆ. ಅದಕ್ಕೆ ಮೊದಲು ವರ್ಷಕ್ಕೆರಡು ಬಾರಿ ಮಾತ್ರ ಕರೆ ಮಾಡಬಹುದಿತ್ತು ಎಂದು ತಿಳಿದಾಗ ಹಿಂದಿನವರ ಬಗ್ಗೆ ಗೌರವ ಹೆಚ್ಚಿತು. ನನಗೆ ನೆರವಾದದ್ದು ಒಂದು ಸಣ್ಣ ಅಭ್ಯಾಸ: ಸಂಜೆ ಮರಳಿದ ಮೇಲೆ ಆ ದಿನ ಅರ್ಥವಾಗದೆ ಉಳಿದ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಸಂಗಾತಿಯನ್ನು ಕೇಳುವುದು. ಕಿವಿಗೆ ಬಿದ್ದ ಸದ್ದು ಕನ್ನಡ ಲಿಪಿಯಲ್ಲಿ ಇಂಗ್ಲಿಷಿಗಿಂತ ಸರಿಯಾಗಿ ಉಳಿಯುತ್ತದೆ.

ವೀಸಾ ಬಂದ ಸುದ್ದಿಯನ್ನು ಮಿಷನ್ ಅಧ್ಯಕ್ಷರ ಕಚೇರಿಯಿಂದ ಫೋನಿನಲ್ಲಿ ತಿಳಿಸಿದರು. ಆ ಹಿರಿಯ ಹೆಂಗಸಿಗೆ ಹೇಳಲು ಹೋದಾಗ ನನಗಿಂತ ಹೆಚ್ಚು ಸಂತೋಷಪಟ್ಟವರು ಅವರೇ. ಅವರೆದುರು ಹಿಗ್ಗಲು ನನಗೆ ಮನಸ್ಸಾಗಲಿಲ್ಲ. ಅವರು ಅದನ್ನು ಗಮನಿಸಿ, ಅಲ್ಲಿಯೂ ಹಸಿದವರಿದ್ದಾರೆ, ಹೋಗು ಎಂದರು. ಅವರಿಗೆ ಪಾಠ ಮುಂದುವರಿಸುವವನು ನನ್ನ ಸಂಗಾತಿ.

ನನ್ನ ಹಾಗೆಯೇ ಅರ್ಜೆಂಟೀನಾಕ್ಕೆ ಹೊರಡುವವರಿಗೆ ಇನ್ನು ಕೆಲವು ಸೂಚನೆ. ಇಲ್ಲಿ ಕಲಿತ ತೂ ಅಲ್ಲಿ ವೋಸ್ ಆಗುತ್ತದೆ, ಕ್ರಿಯಾಪದದ ರೂಪವೂ ಬದಲಾಗುತ್ತದೆ. ಅದನ್ನು ಈಗಿನಿಂದಲೇ ಕೇಳಿ ರೂಢಿಸಿಕೊಳ್ಳಿ. ಇಲ್ಲಿ ಸುಡು ಬೇಸಿಗೆಯಾದಾಗ ಅಲ್ಲಿ ಚಳಿಗಾಲ, ಆದ್ದರಿಂದ ಮನೆಯಿಂದ ತಂದ ಕೋಟನ್ನು ಯಾರಿಗೂ ಕೊಟ್ಟುಬಿಡಬೇಡಿ. ಅಪೊಸ್ಟಿಲ್ ಬಿದ್ದ ಮೂಲಪತ್ರಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲೇ ಒಯ್ಯಿರಿ. ಇಳಿದ ಮೇಲೆ ಅಲ್ಲಿನ ಗುರುತಿನ ಚೀಟಿ ಮಾಡಿಸಲು ಮತ್ತೆ ಅವುಗಳನ್ನೇ ತೋರಿಸಬೇಕಾಗುತ್ತದೆ. ಚಿಕ್ಕಪ್ಪ ಬೆಂಗಳೂರಿನಿಂದ ಕಳಿಸಿದ ಪತ್ರವನ್ನು ನಾನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡಿದ್ದೇನೆ.